ನೀತಾಳ ಸಂಬಳ

ಋತ್ವಿಕ್ ಘಟಕ್ ಅವರ ‘ಮೇಘೇ ಢಾಕಾ ತಾರಾ’ (1960) ಚಿತ್ರ ನೋಡಿದವರು ಅದರ ನಾಯಕಿ ನೀತಾಳನ್ನು ತ್ಯಾಗಮಯಿ ಎಂದು ಕೊಂಡಾಡುವುದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅವಳ ಮನೆಯವರೂ ಹೊಗಳಿ ಹೊಗಳಿಯೇ ಅವಳನ್ನು ಸವೆಸಿದ್ದು.

ವಿಭಜನೆಯಲ್ಲಿ ಪೂರ್ವ ಬಂಗಾಳ ಬಿಟ್ಟು ಬಂದ ಮೇಷ್ಟರ ಸಂಸಾರ ಅದು. ಕಲ್ಕತ್ತೆಯ ಅಂಚಿನ ನಿರಾಶ್ರಿತರ ಕಾಲೊನಿಯಲ್ಲಿ ವಾಸ. ಕೈಗೆ ಹಣ ಬಂದ ದಿನ ನೀತಾ ಮನೆಗೆ ಬಂದರೆ ತಂಗಿಗೆ ಸೀರೆ ಬೇಕು, ತಮ್ಮನಿಗೆ ಬೂಟು ಬೇಕು. ಬಾರು ಕಿತ್ತ ಅವಳ ಚಪ್ಪಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಅಪ್ಪನಿಗೆ ಅಪಘಾತವಾದ ಮೇಲೆ ಓದು ನಿಂತು ನೌಕರಿ ಶುರುವಾಗುತ್ತದೆ. ಅವಳು ಮದುವೆಯಾಗಿ ಹೋದರೆ ಮನೆ ನಡೆಯುವುದು ಹೇಗೆ ಎಂಬ ಭಯ ಅಮ್ಮನಿಗೆ. ಆ ಭಯದ ಜೊತೆಗೆ ಘಟಕ್ ಒಲೆಯ ಮೇಲೆ ಅನ್ನ ಕುದಿಯುವ ಸದ್ದನ್ನು ಕೇಳಿಸುತ್ತಾರೆ. ಅದೊಂದರಿಂದಲೇ ಅಮ್ಮನನ್ನು ದ್ವೇಷಿಸಲು ನನ್ನಿಂದಾಗಲಿಲ್ಲ. ಹಸಿವು ಅವಳ ಬಾಯಲ್ಲಿ ಮಾತಾಡುತ್ತಿದೆ. ತಂಗಿ ಗೀತಾಳಿಗೆ ಮತ್ತು ಪ್ರೀತಿಸಿದ ನೀತಾಳನ್ನು ಬಿಟ್ಟು ಗೀತಾಳನ್ನೇ ಮದುವೆಯಾಗುವ ಸನತ್‌ಗೆ ನಿರ್ದೇಶಕರು ಇಷ್ಟು ಕರುಣೆ ತೋರಿಸಿಲ್ಲ. ಅವರಿಬ್ಬರೂ ಕತೆಗೆ ಬೇಕಾದಷ್ಟೇ ಉಸಿರಾಡುತ್ತಾರೆ. ಇದು ಚಿತ್ರದ ನಿಜವಾದ ಕೊರತೆ.

ಅಣ್ಣ ಶಂಕರನದು ಬೇರೆ ಲೆಕ್ಕ. ಗಾಯಕನಾಗಬೇಕೆಂದು ದಿನವೆಲ್ಲ ಸಾಧನೆ ಮಾಡುವವನು; ಗಡ್ಡ ಕೆರೆಸಿಕೊಳ್ಳಲೂ ತಂಗಿಯ ಮುಂದೆ ಕೈಚಾಚುತ್ತಾನೆ. ಅವನ ಕಂಠದಲ್ಲಿ ನಾವು ಕೇಳುವ ಹಂಸಧ್ವನಿಯನ್ನು ಹಾಡಿದವರು ಮದರಾಸಿನಿಂದ ಹೋಗಿ ಕಲ್ಕತ್ತೆಯಲ್ಲಿ ನೆಲೆಸಿದ ಎ. ಕಾನನ್. ನಮ್ಮಲ್ಲಿ ಕಚೇರಿಯ ಆರಂಭಕ್ಕೆ ಒಗ್ಗಿಹೋದ ಆ ಮಂಗಳದ ರಾಗ ಇಲ್ಲಿ ಎದೆಗೆ ಚುಚ್ಚುತ್ತದೆ, ಏಕೆಂದರೆ ಅದರ ಒಂದೊಂದು ಸ್ವರಕ್ಕೂ ದುಡ್ಡು ಕೊಟ್ಟವಳು ಪಕ್ಕದಲ್ಲೇ ಇದ್ದಾಳೆ. ಹೀಗಿದ್ದೂ ಶಂಕರ ಸ್ವಾರ್ಥಿಯಲ್ಲ. ಆ ಮನೆಯಲ್ಲಿ ನೀತಾಳನ್ನು ನೀತಾ ಎಂದೇ ಕಾಣುವವನು ಅವನೊಬ್ಬ. ಬೊಂಬಾಯಿಯಲ್ಲಿ ಹೆಸರು ಮಾಡಿ ಮರಳಿದವನು, ಹಿಂದಿನಂತೆಯೇ ಪ್ರೇಮಪತ್ರ ಬಚ್ಚಿಡುತ್ತಿದ್ದಾಳೆಂದು ತಮಾಷೆಗೆ ಅವಳ ಕೈಯಲ್ಲಿದ್ದುದನ್ನು ಕಸಿಯುತ್ತಾನೆ. ಸಿಕ್ಕಿದ್ದು ರಕ್ತದ ಕಲೆಯ ಕರವಸ್ತ್ರ. ಪ್ರೀತಿ ಇತ್ತು, ಕಲೆಯೂ ಇತ್ತು. ಎರಡೂ ತಡವಾಗಿ ಬಂದವು.

ಚಿತ್ರದ ತೀರ್ಪು ನೀತಾಳ ಬಾಯಿಂದಲೇ ಬರುತ್ತದೆ. ಅನ್ಯಾಯ ಕಂಡೂ ಒಮ್ಮೆಯೂ ಪ್ರತಿಭಟಿಸದಿದ್ದುದೇ ತನ್ನ ಪಾಪ ಎನ್ನುತ್ತಾಳೆ. ನಿಸ್ವಾರ್ಥ ಪ್ರೀತಿಯ ಬಗ್ಗೆ ಇಷ್ಟು ಕಠಿಣವಾದ ಮಾತನ್ನು ಆ ಪ್ರೀತಿಯನ್ನು ಪೂರ್ತಿ ಬಾಳಿದವಳೇ ಆಡಬಲ್ಲಳು. ಕೊಡುವುದು ತಪ್ಪೆಂದು ಅವಳು ಹೇಳುತ್ತಿಲ್ಲ. ಕೊಡುತ್ತಾ ಕೊಡುತ್ತಾ ತಾನೂ ಒಂದು ಜೀವ ಎಂಬುದನ್ನು ಮರೆತಳು, ಮರೆಯಲು ಉಳಿದವರಿಗೂ ಅನುವು ಮಾಡಿಕೊಟ್ಟಳು. ಶಿಲ್ಲಾಂಗಿನ ಕ್ಷಯರೋಗದ ಆಸ್ಪತ್ರೆಯಲ್ಲಿ, ಗೀತಾಳ ಮಗುವಿನ ತುಂಟಾಟವನ್ನು ಅಣ್ಣ ವರ್ಣಿಸುತ್ತಿರುವಾಗ, ತನಗೆ ಬದುಕಬೇಕಿತ್ತು ಎಂದು ಅವಳು ಚೀರುತ್ತಾಳೆ. ಆ ಕೂಗು ಬೆಟ್ಟಗಳನ್ನೆಲ್ಲ ಸುತ್ತುತ್ತದೆ. ಅತಿರೇಕ ಎಂದು ಮೂಗುಮುರಿಯುವವರಿದ್ದಾರೆ. ನೀತಾಳ ಪಾತ್ರದಲ್ಲಿ ಸುಪ್ರಿಯಾ ಚೌಧುರಿ ಅಷ್ಟು ಹೊತ್ತು ದನಿಯೆತ್ತದೆ ನಟಿಸಿದ್ದನ್ನು ನೆನೆದರೆ, ಆ ಕೂಗಿಗೆ ಅಷ್ಟು ಬೆಟ್ಟಗಳು ಬೇಕೇ ಬೇಕಿತ್ತು.

ಕೊನೆಗೆ ಶಂಕರ ಕಾಲೊನಿಯ ದಾರಿಯಲ್ಲಿ ನಿಂತಿದ್ದಾನೆ. ಕೆಲಸಕ್ಕೆ ಹೊರಟ ಇನ್ನೊಬ್ಬಳು ಹುಡುಗಿ. ನಡೆಯುತ್ತಲೇ ಅವಳ ಚಪ್ಪಲಿ ಕಿತ್ತುಹೋಗುತ್ತದೆ. ಆಕೆ ಮುಗುಳ್ನಕ್ಕು ಮುಂದೆ ಹೋಗುತ್ತಾಳೆ. ಶಂಕರ ಮುಖ ಮುಚ್ಚಿಕೊಳ್ಳುತ್ತಾನೆ.