ಗಂಟೆಗಳ ಲೆಕ್ಕ ಮತ್ತು ಪೈಲಟ್‌ನ ಅರ್ಹತೆ

ಒಂದು ವಿಮಾನಯಾನ ಸಂಸ್ಥೆಯ ಬಾಗಿಲಲ್ಲಿ ಇಬ್ಬರು ಅಭ್ಯರ್ಥಿಗಳು ನಿಂತಿದ್ದಾರೆ ಎಂದು ಭಾವಿಸಿಕೊಳ್ಳಿ. ಮೊದಲನೆಯವರು ವಾಯುಪಡೆಯಲ್ಲಿ ಯುದ್ಧವಿಮಾನ ನಡೆಸಿದವರು. ಅವರ ಹಾರಾಟದ ಅನುಭವ 800 ಗಂಟೆ. ಎರಡನೆಯವರು ನಾಗರಿಕ ತರಬೇತಿ ಶಾಲೆಯಲ್ಲಿ ಕಲಿತು, ಅಲ್ಲಿಯೇ ಚಿಕ್ಕ ವಿಮಾನಗಳಲ್ಲಿ ಬೋಧಕರಾಗಿ ದುಡಿದವರು. ಅವರ ಅನುಭವ 1,400 ಗಂಟೆ. ಇಬ್ಬರಲ್ಲಿ ಯಾರನ್ನು ಪ್ರಯಾಣಿಕ ವಿಮಾನದ ಸಹಪೈಲಟ್ ಆಸನದಲ್ಲಿ ಕೂರಿಸಬಹುದು? ಅಮೆರಿಕದ ನಿಯಮದ ಪ್ರಕಾರ, ಉಳಿದ ಷರತ್ತುಗಳನ್ನೂ ಪೂರೈಸಿದ್ದರೆ, ಮೊದಲನೆಯವರನ್ನು ಕೂರಿಸಬಹುದು. ವೈಮಾನಿಕ ಪದವಿಯೂ ಇಲ್ಲದಿದ್ದರೆ ಎರಡನೆಯವರು ಇನ್ನೂ 100 ಗಂಟೆ ಕಾಯಬೇಕು.

ಇದು ಸರಿಯೆ? ಉತ್ತರ ಹೇಳುವ ಮೊದಲು ಈ ನಿಯಮವನ್ನು ಬಿಚ್ಚಿ ನೋಡೋಣ. ಇದು ವಿಮಾನಗಳಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ. ಕೌಶಲವನ್ನು ಸಂಖ್ಯೆಯಿಂದ ಅಳೆಯಬಹುದೆ ಎಂಬ ಪ್ರಶ್ನೆ ಇದರೊಳಗಿದೆ. ದಿನವೂ ಅಂಕ, ಹಾಜರಿಗಳ ನಡುವೆ ಇರುವ ಶಿಕ್ಷಕರಿಗೂ ವಿದ್ಯಾರ್ಥಿಗಳಿಗೂ ಅದು ಪರಿಚಿತವಾದ ಪ್ರಶ್ನೆಯೇ.

ನಿಯಮ ಹುಟ್ಟಿದ ಬಗೆ

2009ರ ಫೆಬ್ರವರಿ 12ರ ರಾತ್ರಿ ಕೋಲ್ಗನ್ ಏರ್ ಸಂಸ್ಥೆಯ 3407ನೇ ಸಂಖ್ಯೆಯ ವಿಮಾನ ನ್ಯೂಯಾರ್ಕ್ ರಾಜ್ಯದ ಬಫಲೋ ನಗರದ ಬಳಿ ಮನೆಯೊಂದರ ಮೇಲೆ ಬಿತ್ತು. ವಿಮಾನದಲ್ಲಿದ್ದ 49 ಮಂದಿ, ನೆಲದ ಮೇಲಿದ್ದ ಒಬ್ಬರು ಸತ್ತರು. ಇಳಿಯುವ ಹಂತದಲ್ಲಿ ವಿಮಾನದ ವೇಗ ಕುಗ್ಗಿತ್ತು. ಎಚ್ಚರಿಸುವ ಸಾಧನವು ಚಾಲನಾ ದಂಡವನ್ನು ಅಲುಗಾಡಿಸಿತು. ಆಗ ಕ್ಯಾಪ್ಟನ್ ದಂಡವನ್ನು ಮುಂದಕ್ಕೆ ತಳ್ಳುವ ಬದಲು ತಮ್ಮ ಕಡೆಗೆ ಎಳೆದರು.

ಇಲ್ಲಿ ಸ್ವಲ್ಪ ಭೌತವಿಜ್ಞಾನ ಬೇಕು. ರೆಕ್ಕೆಯು ಎದುರಿನಿಂದ ಬರುವ ಗಾಳಿಗೆ ಒಂದು ಕೋನದಲ್ಲಿ ಒಡ್ಡಿಕೊಂಡಿರುತ್ತದೆ. ಕೋನ ಹೆಚ್ಚಿದಂತೆ ಎತ್ತುಬಲವೂ ಹೆಚ್ಚುತ್ತದೆ, ಆದರೆ ಒಂದು ಮಿತಿಯವರೆಗೆ ಮಾತ್ರ. ಮಿತಿ ದಾಟಿದರೆ ಗಾಳಿಯ ಹರಿವು ರೆಕ್ಕೆಯ ಮೇಲ್ಮೈಯಿಂದ ಕಳಚಿಕೊಂಡು ಎತ್ತುಬಲ ಒಮ್ಮೆಗೇ ಕುಸಿಯುತ್ತದೆ. ಇದಕ್ಕೆ ಸ್ಟಾಲ್ ಎನ್ನುತ್ತಾರೆ. ದಂಡವನ್ನು ಎಳೆದರೆ ಮೂತಿ ಮೇಲೇರಿ ಕೋನ ಇನ್ನೂ ಹೆಚ್ಚುತ್ತದೆ. ಮುಂದಕ್ಕೆ ತಳ್ಳಿ ಕೋನವನ್ನು ತಗ್ಗಿಸುವುದೇ ಪಾರಾಗುವ ದಾರಿ. ನೆಲ ಹತ್ತಿರವಿದ್ದಾಗ ಮೂತಿಯನ್ನು ಕೆಳಗಿಳಿಸಲು ಮನಸ್ಸು ಒಪ್ಪುವುದಿಲ್ಲ. ತರಬೇತಿ ಇರುವುದು ಆ ಮನಸ್ಸನ್ನು ತಿದ್ದುವುದಕ್ಕಾಗಿಯೇ.

ಈ ದುರಂತದ ನಂತರ 2010ರ ಆಗಸ್ಟ್ 1ರಂದು ಅಮೆರಿಕದಲ್ಲಿ ಹೊಸ ಅಧಿನಿಯಮ ಬಂದಿತು. ಅದನ್ನು ಅನುಸರಿಸಿ 2013ರಲ್ಲಿ ಅಲ್ಲಿಯ ಫೆಡರಲ್ ಏವಿಯೇಷನ್ ಅಡ್ಮಿನಿಸ್ಟ್ರೇಷನ್, ಅಂದರೆ ಎಫ್.ಎ.ಎ., ನಿಯಮಗಳನ್ನು ಹೊರಡಿಸಿತು. ಅದುವರೆಗೆ 250 ಗಂಟೆ ಅನುಭವದ ವಾಣಿಜ್ಯ ಪರವಾನಗಿಯಿಂದ ಸಹಪೈಲಟ್ ಆಗಬಹುದಿತ್ತು. ಈಗ ಸಹಪೈಲಟ್‌ಗೂ ಏರ್‌ಲೈನ್ ಟ್ರಾನ್ಸ್‌ಪೋರ್ಟ್ ಪೈಲಟ್ ಪ್ರಮಾಣಪತ್ರ, ಚಿಕ್ಕದಾಗಿ ಎ.ಟಿ.ಪಿ., ಕಡ್ಡಾಯವಾಯಿತು. ಅದಕ್ಕೆ ಬೇಕಾದ ಅನುಭವ 1,500 ಗಂಟೆ.

ನಮ್ಮ ಮೊದಲ ಆಕ್ಷೇಪ ಇಲ್ಲಿಂದಲೇ ಏಳುತ್ತದೆ. ಬಫಲೋ ದುರಂತದ ಕ್ಯಾಪ್ಟನ್‌ಗೆ 3,379 ಗಂಟೆಗಳ ಅನುಭವವಿತ್ತು. ಸಹಪೈಲಟ್‌ಗೆ 2,244 ಗಂಟೆಗಳ ಅನುಭವವಿತ್ತು. 1,500 ಗಂಟೆಗಳ ನಿಯಮ ಅಂದೇ ಜಾರಿಯಲ್ಲಿದ್ದರೂ ಗಂಟೆಗಳ ಕಾರಣಕ್ಕೆ ಅವರಿಬ್ಬರನ್ನೂ ತಡೆಯುತ್ತಿರಲಿಲ್ಲ. ಕೊರತೆ ಇದ್ದದ್ದು ಸ್ಟಾಲ್ ಎದುರಾದಾಗ ತೋರಬೇಕಾದ ಪ್ರತಿಕ್ರಿಯೆಯಲ್ಲಿ. ಬಂದ ಮದ್ದಿನ ಮುಖ್ಯ ಅಂಶವೇ ರೋಗಕ್ಕೆ ನೇರವಾಗಿ ಸಂಬಂಧಿಸಿರಲಿಲ್ಲ.

ಸೈನಿಕರಿಗೆ ಅರ್ಧ

ಎಲ್ಲ ಗಂಟೆಗಳೂ ಒಂದೇ ಅಲ್ಲ ಎಂಬುದು ನಿಯಮ ಬರೆದವರಿಗೂ ಗೊತ್ತಿತ್ತು. ಆದ್ದರಿಂದ ಅವರು 'ಸೀಮಿತ ಎ.ಟಿ.ಪಿ.' ಎಂಬ ಇನ್ನೊಂದು ಮೆಟ್ಟಿಲು ಇಟ್ಟರು. ಮಾನ್ಯತೆ ಪಡೆದ ಸಂಸ್ಥೆಯಲ್ಲಿ ವೈಮಾನಿಕ ಸ್ನಾತಕ ಪದವಿ ಹಾಗೂ ತರಬೇತಿ ಪಡೆದವರಿಗೆ 1,000 ಗಂಟೆ ಸಾಕು. ಎರಡು ವರ್ಷದ ಪದವಿಯವರಿಗೆ 1,250 ಗಂಟೆ. ಅಮೆರಿಕದ ಸೇನಾ ಪೈಲಟ್‌ಗಳಿಗೆ, ಸೇನೆಯ ತರಬೇತಿ ಶಾಲೆಯಿಂದ ಉತ್ತೀರ್ಣರಾದ ದಾಖಲೆ ಇದ್ದರೆ, 750 ಗಂಟೆ. ಕನಿಷ್ಠ ವಯಸ್ಸು 23ರ ಬದಲು 21. ಇಂಥ ಪ್ರಮಾಣಪತ್ರ ಹೊಂದಿದವರು ಏರ್‌ಲೈನ್‌ನಲ್ಲಿ ಸಹಪೈಲಟ್ ಆಗಬಹುದು, ಕ್ಯಾಪ್ಟನ್ ಆಗುವಂತಿಲ್ಲ.

ಈ ರಿಯಾಯಿತಿಯ ಹಿಂದೆ ಒಳ್ಳೆಯ ತರ್ಕವಿದೆ. ಸೇನಾ ಪೈಲಟ್ ಮೊದಲ ದಿನದಿಂದಲೇ ಕಠಿಣವಾದ ಆಯ್ಕೆಗೆ ಒಳಪಟ್ಟವರು. ಹಂತಹಂತದಲ್ಲಿ ಪರೀಕ್ಷೆ, ತಪ್ಪಿದರೆ ಹೊರಗೆ. ಪ್ರತಿ ಹಾರಾಟದ ನಂತರ ಕುಳಿತು ತಪ್ಪುಗಳನ್ನು ಒಂದೊಂದಾಗಿ ಚರ್ಚಿಸುವ ಪದ್ಧತಿ. ವಿಮಾನವನ್ನು ತಲೆಕೆಳಗು ಮಾಡಿ ಮತ್ತೆ ಸರಿಪಡಿಸಿದ ಅನುಭವ. ಅದೇ ಊರಿನ ಸುತ್ತ ಅದೇ ಪಾಠವನ್ನು ನೂರು ಸಲ ಹೇಳುತ್ತ ಕಳೆದ ಗಂಟೆಗೂ ಇದಕ್ಕೂ ವ್ಯತ್ಯಾಸವಿದೆ. ಇಷ್ಟನ್ನು ಒಪ್ಪಲೇಬೇಕು.

ಗಂಟೆ ಎಂದರೆ ಎಷ್ಟು?

ಆದರೆ ಅಳತೆಯ ಪ್ರಶ್ನೆಗೆ ಬನ್ನಿ. ಯಾವುದೇ ಅಳತೆಗೆ ಮೊದಲು ಬೇಕಾದದ್ದು ವ್ಯಾಖ್ಯೆ. ನಾಗರಿಕ ನಿಯಮದಲ್ಲಿ ಹಾರಾಟದ ಕಾಲ ಎಂದರೆ, ಹಾರುವ ಉದ್ದೇಶದಿಂದ ವಿಮಾನ ತನ್ನ ಶಕ್ತಿಯಿಂದ ಚಲಿಸಲು ತೊಡಗಿದ ಕ್ಷಣದಿಂದ, ಇಳಿದ ಮೇಲೆ ಪೂರ್ತಿ ನಿಲ್ಲುವವರೆಗಿನ ಕಾಲ. ರನ್‌ವೇ ತಲುಪಲು ಉರುಳಿಹೋಗುವ ಸಮಯವೂ ಇದರಲ್ಲಿ ಸೇರುತ್ತದೆ. ಸೇನೆಯಲ್ಲಿ ಸಾಮಾನ್ಯವಾಗಿ ಲೆಕ್ಕ ಹಿಡಿಯುವುದು ನೆಲ ಬಿಡುವಲ್ಲಿಂದ ನೆಲ ಮುಟ್ಟುವ ತನಕ. ಹಾಗಾಗಿ ಕೆಲವು ಏರ್‌ಲೈನ್‌ಗಳು ಸೇನಾ ಪೈಲಟ್‌ನ ಪ್ರತಿ ಹಾರಾಟಕ್ಕೆ 0.2 ಅಥವಾ 0.3 ಗಂಟೆ ಸೇರಿಸಿ ಲೆಕ್ಕ ಹಾಕುತ್ತವೆ.

ಒಂದು ಸಣ್ಣ ಲೆಕ್ಕ ಮಾಡಿ. ಒಬ್ಬರು 600 ಸಲ ಹಾರಿದ್ದಾರೆ, ಸರಾಸರಿ 1.2 ಗಂಟೆಯಂತೆ. ಸೇನೆಯ ಪುಸ್ತಕದಲ್ಲಿ ಅದು 720 ಗಂಟೆ. ಪ್ರತಿ ಹಾರಾಟಕ್ಕೆ 0.3 ಸೇರಿಸಿದರೆ 900 ಗಂಟೆ. ವ್ಯಕ್ತಿ ಅವರೇ, ಕೌಶಲ ಅದೇ, ಆದರೆ ಒಂದು ಲೆಕ್ಕದಲ್ಲಿ 750ರ ಗೆರೆಯ ಕೆಳಗೆ, ಇನ್ನೊಂದರಲ್ಲಿ ಮೇಲೆ. ಇದು ಮೋಸವಲ್ಲ, ಏಕಮಾನದ ಪರಿವರ್ತನೆ. ಆದರೆ ಉರುಳುವ ಚಕ್ರದ ನಿಮಿಷಗಳು ಅರ್ಹತೆಯನ್ನು ನಿರ್ಧರಿಸಬಲ್ಲವಾದರೆ ಆ ಗೆರೆಯನ್ನು ಜ್ಞಾನದ ಗೆರೆ ಎನ್ನುವುದು ಕಷ್ಟ.

ಯಾವ ಬಗೆಯ ಗಂಟೆ?

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದುದು. 750 ಗಂಟೆಗಳ ರಿಯಾಯಿತಿ ಒಬ್ಬರೇ ಕೂರುವ ಯುದ್ಧವಿಮಾನದವರಿಗೂ ನಾಲ್ಕು ಎಂಜಿನ್‌ಗಳ ಸರಕು ವಿಮಾನದವರಿಗೂ ಒಂದೇ. ಕೆಲಸ ಮಾತ್ರ ಒಂದೇ ಅಲ್ಲ. ಯುದ್ಧವಿಮಾನದಲ್ಲಿ ತೀರ್ಮಾನ ಒಬ್ಬರದು, ಕ್ಷಣದ್ದು. ಆಪತ್ತು ಮಿತಿ ಮೀರಿದರೆ ಆಸನಸಹಿತ ಹೊರಗೆ ಹಾರಿ ಜೀವ ಉಳಿಸಿಕೊಳ್ಳಬಹುದು. ಪ್ರಯಾಣಿಕ ವಿಮಾನದಲ್ಲಿ ಆ ದಾರಿಯಿಲ್ಲ. ಅಲ್ಲಿ ಇಬ್ಬರು ಒಬ್ಬರನ್ನೊಬ್ಬರು ಗಮನಿಸುತ್ತ, ಪಟ್ಟಿ ಓದಿ ಒಪ್ಪಿಗೆ ಪಡೆಯುತ್ತ, ಸಂಶಯ ಬಂದರೆ ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಬೇಕು. ಗುರಿ ಮುಟ್ಟಿಯೇ ತೀರುವ ಛಲ ಒಂದು ಕಡೆ ಗುಣ, ಇನ್ನೊಂದು ಕಡೆ ಅಪಾಯ.

ಕುತೂಹಲದ ಸಂಗತಿ ಎಂದರೆ, ಈ ವ್ಯತ್ಯಾಸವನ್ನು ಅದೇ ನಿಯಮಾವಳಿ ಬೇರೊಂದು ಕಡೆ ಗುರುತಿಸುತ್ತದೆ. ಏರ್‌ಲೈನ್‌ನಲ್ಲಿ ಕ್ಯಾಪ್ಟನ್ ಆಗಲು ಪೂರ್ಣ ಎ.ಟಿ.ಪಿ. ಜೊತೆಗೆ ಏರ್‌ಲೈನ್ ಕಾರ್ಯಾಚರಣೆಯಲ್ಲಿ 1,000 ಗಂಟೆ ಬೇಕು. ಅದರಲ್ಲಿ 500 ಗಂಟೆಯವರೆಗೆ ಸೇನೆಯ ಹಾರಾಟವನ್ನು ಲೆಕ್ಕಕ್ಕೆ ಹಿಡಿಯಬಹುದು. ಆದರೆ ಅದು ಒಂದಕ್ಕಿಂತ ಹೆಚ್ಚು ಟರ್ಬೈನ್ ಎಂಜಿನ್‌ಗಳಿರುವ, ಒಬ್ಬರಿಗಿಂತ ಹೆಚ್ಚು ಪೈಲಟ್‌ಗಳು ಬೇಕಾಗುವ ವಿಮಾನದಲ್ಲಿ ಮುಖ್ಯ ಪೈಲಟ್ ಆಗಿ ಹಾರಿಸಿದ್ದಾಗಿರಬೇಕು. ಇಲ್ಲಿ ಕೇಳುತ್ತಿರುವುದು 'ಎಷ್ಟು' ಎಂದು ಮಾತ್ರವಲ್ಲ, 'ಎಂಥದು' ಎಂದೂ ಕೂಡ. ಹೆಲಿಕಾಪ್ಟರ್‌ನಿಂದ ಬಂದವರ ವಿಷಯದಲ್ಲೂ ಹೀಗೆಯೇ. ಒಟ್ಟು ಗಂಟೆಗಳಲ್ಲಿ ಅವರ ಹೆಲಿಕಾಪ್ಟರ್ ಹಾರಾಟ ಸೇರಿದರೂ, ವಿಮಾನಗಳಲ್ಲಿ ಬೇರೆಯಾಗಿ ಅನುಭವ ಗಳಿಸಲೇಬೇಕು. ಈ ವಿವೇಕವನ್ನು 750ರ ಸಂಖ್ಯೆಗೂ ಅನ್ವಯಿಸಬೇಕಿತ್ತು ಎಂಬುದೇ ನಮ್ಮ ವಾದ.

ಉದಾಹರಣೆಗಳ ಬಲೆ

ಈ ಚರ್ಚೆ ಬಂದಾಗಲೆಲ್ಲ ಎರಡು ಹೆಸರುಗಳು ಕೇಳಿಬರುತ್ತವೆ. 2009ರ ಜನವರಿ 15ರಂದು ಹಕ್ಕಿಗಳು ಬಡಿದು ಎಂಜಿನ್‌ಗಳು ಕೆಟ್ಟ ಎ320 ವಿಮಾನವನ್ನು ಹಡ್ಸನ್ ನದಿಯ ಮೇಲೆ ಇಳಿಸಿ 155 ಮಂದಿಯನ್ನೂ ಉಳಿಸಿದ ಚೆಸ್ಲಿ ಸಲನ್‌ಬರ್ಗರ್ ಹಿಂದೆ ಎಫ್-4 ಯುದ್ಧವಿಮಾನದ ಪೈಲಟ್. 2018ರ ಏಪ್ರಿಲ್ 17ರಂದು ಎಂಜಿನ್ ಒಡೆದ ಸೌತ್‌ವೆಸ್ಟ್ ಬೋಯಿಂಗ್ 737ನ್ನು ಇಳಿಸಿದ ಟ್ಯಾಮಿ ಜೋ ಶಲ್ಟ್ಸ್ ನೌಕಾಪಡೆಯಲ್ಲಿ ಎಫ್/ಎ-18 ನಡೆಸಿದವರು. ಆ ಘಟನೆಯಲ್ಲಿ ಪ್ರಯಾಣಿಕರೊಬ್ಬರು ಸತ್ತರಾದರೂ ಉಳಿದವರು ಪಾರಾದರು. 'ನೋಡಿ, ಸೇನೆಯ ತರಬೇತಿಯ ಮಹಿಮೆ' ಎಂದು ಹೇಳುವುದು ಸುಲಭ.

ಈಗ ನಮ್ಮ ದೇಶದ ಒಂದು ಘಟನೆ. 2020ರ ಆಗಸ್ಟ್ 7ರಂದು ಕೋಯಿಕ್ಕೋಡ್‌ನಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇ ದಾಟಿ ಕೆಳಗುರುಳಿ 21 ಮಂದಿ ಸತ್ತರು. ಕ್ಯಾಪ್ಟನ್ ಅನುಭವಿ, ನಮ್ಮ ವಾಯುಪಡೆಯಲ್ಲಿ ದೀರ್ಘಕಾಲ ಸೇವೆ ಸಲ್ಲಿಸಿದವರು. ಸ್ಥಿರವಾಗಿಲ್ಲದ ಇಳಿಕೆಯನ್ನು ಮುಂದುವರಿಸಿದ್ದು, ಸಹಪೈಲಟ್ 'ಮೇಲೇರಿ' ಎಂದರೂ ಏರದೇ ಹೋದದ್ದು, ಸಹಪೈಲಟ್ ನಿಯಂತ್ರಣವನ್ನು ತಮ್ಮ ಕೈಗೆ ತೆಗೆದುಕೊಳ್ಳದಿದ್ದದ್ದು ಕಾರಣ ಎಂದು ತನಿಖಾ ವರದಿ ಹೇಳಿತು. ಇದರಿಂದ 'ಸೇನೆಯವರು ಮಾತು ಕೇಳುವುದಿಲ್ಲ' ಎಂದು ತೀರ್ಮಾನಿಸಬಹುದೆ? ಖಂಡಿತ ಸಲ್ಲದು. ಹಡ್ಸನ್ ನದಿಯಿಂದ ಒಂದು ತೀರ್ಮಾನಕ್ಕೆ ಬರಬಾರದು ಎಂದಾದರೆ ಕೋಯಿಕ್ಕೋಡ್‌ನಿಂದಲೂ ಬರಬಾರದು. ಬಿಡಿ ಘಟನೆಗಳು ಪ್ರಶ್ನೆಯನ್ನು ಎತ್ತಬಲ್ಲವು, ಉತ್ತರವನ್ನು ಸಾಧಿಸಲಾರವು.

ಹಾಗಾದರೆ ಹೆಚ್ಚು ಜನರ ಅಂಕಿ ಅಂಶಗಳು? 2010ರ 'ಪೈಲಟ್ ಸೋರ್ಸ್ ಸ್ಟಡಿ' ಎಂಬ ಅಧ್ಯಯನ ಆರು ಪ್ರಾದೇಶಿಕ ಏರ್‌ಲೈನ್‌ಗಳು ಹೊಸದಾಗಿ ಸೇರಿಸಿಕೊಂಡ 2,156 ಪೈಲಟ್‌ಗಳ ತರಬೇತಿ ದಾಖಲೆಗಳನ್ನು ಪರಿಶೀಲಿಸಿತು. ಮಾನ್ಯತೆ ಪಡೆದ ವೈಮಾನಿಕ ಪದವಿ, ಬೋಧಕರ ಅನುಭವ ಇದ್ದವರು ಚೆನ್ನಾಗಿ ಕಲಿತರು. ಚೆನ್ನಾಗಿ ಕಲಿತ ಗುಂಪು 500ರಿಂದ 1,000 ಗಂಟೆಗಳ ನಡುವಿನವರದಾಗಿತ್ತು. ಇದೂ ಅಂತಿಮ ಮಾತಲ್ಲ. ಅಧ್ಯಯನ ಅಳೆದದ್ದು ತರಬೇತಿಯಲ್ಲಿ ತೋರಿದ ಸಾಮರ್ಥ್ಯವನ್ನು, ಆಕಾಶದಲ್ಲಿ ಆದ ಅಪಘಾತಗಳನ್ನಲ್ಲ. ಆದರೂ ಗಂಟೆ ಹೆಚ್ಚಾದಷ್ಟೂ ಗುಣ ಹೆಚ್ಚು ಎಂಬ ಸರಳರೇಖೆಯನ್ನು ಅದು ಸಂಶಯಕ್ಕೆ ಗುರಿ ಮಾಡುತ್ತದೆ.

ನಿಯಮದ ಪರವಾಗಿರುವವರ ವಾದವನ್ನೂ ಕೇಳಬೇಕು. 2009ರ ನಂತರ ಬಹುಕಾಲ ಅಮೆರಿಕದ ಏರ್‌ಲೈನ್‌ಗಳಲ್ಲಿ ಅಂಥ ದೊಡ್ಡ ದುರಂತ ನಡೆಯಲಿಲ್ಲ. 2025ರ ಜನವರಿಯಲ್ಲಿ ವಾಷಿಂಗ್ಟನ್‌ನಲ್ಲಿ ವಿಮಾನ ಮತ್ತು ಸೇನಾ ಹೆಲಿಕಾಪ್ಟರ್ ಡಿಕ್ಕಿಯಾಗಿ 67 ಮಂದಿ ಸಾಯುವವರೆಗೆ ಆ ದಾಖಲೆ ಉಳಿದಿತ್ತು. ಆದರೆ ಅದೇ ಅವಧಿಯಲ್ಲಿ ಪೈಲಟ್‌ಗಳ ವಿಶ್ರಾಂತಿಯ ನಿಯಮ ಬದಲಾಯಿತು, ಸ್ಟಾಲ್ ತರಬೇತಿ ಬದಲಾಯಿತು. ಹಲವು ಗೊಬ್ಬರಗಳನ್ನು ಒಟ್ಟಿಗೆ ಹಾಕಿದ ಹೊಲದಲ್ಲಿ ಬೆಳೆ ಚೆನ್ನಾಗಿ ಬಂದರೆ, ಅದು ಯಾವ ಗೊಬ್ಬರದ ಫಲ ಎಂದು ಹೇಗೆ ಹೇಳುವಿರಿ?

ನಿಜವಾಗಿ ಕಲಿಸುವ ಭಾಗ

ನಮ್ಮ ದೃಷ್ಟಿಯಲ್ಲಿ ಈ ನಿಯಮಾವಳಿಯ ಒಳ್ಳೆಯ ಭಾಗ ಬೇರೆಯೇ ಇದೆ, ಅದರ ಬಗ್ಗೆ ಚರ್ಚೆ ಕಡಿಮೆ. 2014ರ ಆಗಸ್ಟ್‌ನಿಂದ ಎ.ಟಿ.ಪಿ.ಯ ಲಿಖಿತ ಪರೀಕ್ಷೆಗೆ ಮೊದಲು ಒಂದು ತರಬೇತಿ ಕಡ್ಡಾಯ. ಸೇನೆಯಿಂದ ಬಂದವರಿಗೂ ಇದರಲ್ಲಿ ವಿನಾಯಿತಿಯಿಲ್ಲ. ತರಗತಿಯಲ್ಲಿ 30 ಗಂಟೆ: ವಾಯುಬಲವಿಜ್ಞಾನ 8, ಹವಾವಿಜ್ಞಾನ 2, ಏರ್‌ಲೈನ್ ಕಾರ್ಯಾಚರಣೆ 14, ನಾಯಕತ್ವ ಹಾಗೂ ಸುರಕ್ಷತೆಯ ಸಂಸ್ಕೃತಿ 6. ಆಮೇಲೆ ಅನುಕರಣ ಯಂತ್ರದಲ್ಲಿ 10 ಗಂಟೆ. ಅದರಲ್ಲಿ 6 ಗಂಟೆ, 40,000 ಪೌಂಡ್, ಅಂದರೆ ಸುಮಾರು 18 ಟನ್ ಅಥವಾ ಅದಕ್ಕೂ ಭಾರದ ವಿಮಾನವನ್ನು ಅನುಕರಿಸುವ ಉನ್ನತ ದರ್ಜೆಯ ಯಂತ್ರದಲ್ಲೇ ಆಗಬೇಕು. ಸ್ಟಾಲ್, ಹಿಮಗಟ್ಟುವಿಕೆ, ಅಡ್ಡಗಾಳಿ ಇವೆಲ್ಲ ಅಲ್ಲಿ ಎದುರಾಗುತ್ತವೆ.

ಗಮನಿಸಿ: ಬಫಲೋದಲ್ಲಿ ಕಂಡ ಕೊರತೆಗೆ ನೇರವಾಗಿ ಉತ್ತರಿಸುವುದು ಈ 40 ಗಂಟೆ. ಒಬ್ಬರೇ ಹಾರಿ ಬಂದ ಸೈನಿಕರಿಗೆ ಇಬ್ಬರ ಕೆಲಸವನ್ನು ಪರಿಚಯಿಸುವುದೂ ಇದೇ. ನಮ್ಮ ದೂರು ಇಷ್ಟೇ: 1,500ರ ಮಾತು ಮೇಲೆದ್ದು ಈ 40ರ ಮಾತು ಕೆಳಗಾಗಿದೆ. ಇಬ್ಬರು ಸೇರಿ ನಡೆಸುವ ಹಾರಾಟಕ್ಕೆ ಆರು ಗಂಟೆಯ ಪಾಠ ಮತ್ತು ಹತ್ತು ಗಂಟೆಯ ಅನುಕರಣ ಸಾಕೆ ಎಂಬುದು ಚರ್ಚೆಯಾಗಬೇಕಾದ ಪ್ರಶ್ನೆ.

ನಮ್ಮಲ್ಲಿ

ಭಾರತದಲ್ಲಿ ಎ.ಟಿ.ಪಿ.ಎಲ್.ಗೆ 1,500 ಗಂಟೆ ಬೇಕು. ಆದರೆ ಅದು ಮುಖ್ಯವಾಗಿ ಕ್ಯಾಪ್ಟನ್ ಆಗಲು. 200 ಗಂಟೆಯ ವಾಣಿಜ್ಯ ಪರವಾನಗಿ ಮತ್ತು ಆಯಾ ವಿಮಾನದ ಮೇಲಿನ ತರಬೇತಿಯಿಂದ ಸಹಪೈಲಟ್ ಆಗಬಹುದು. ಇನ್ನು ಸೇನೆಯ ಗಂಟೆಗಳಲ್ಲಿ ಬಗೆಗಳಿವೆ ಎಂಬುದನ್ನು ನೋಡಲು ದೂರ ಹೋಗಬೇಕಾಗಿಲ್ಲ. ನಮ್ಮ ರಾಜ್ಯದ ಬೀದರ್ ನೆಲೆಯಲ್ಲಿ ಯುದ್ಧವಿಮಾನದ ಪೈಲಟ್‌ಗಳು ಹಾಕ್ ವಿಮಾನದಲ್ಲಿ ಕಲಿಯುತ್ತಾರೆ. ಯಲಹಂಕದಲ್ಲಿ ಸಾರಿಗೆ ವಿಮಾನದ ಪೈಲಟ್‌ಗಳು ಕಲಿಯುತ್ತಾರೆ. ಎರಡು ಬಗೆಯ ಕೆಲಸಕ್ಕೆ ವಾಯುಪಡೆಯೇ ಎರಡು ಶಾಲೆ ಇಟ್ಟಿರುವಾಗ, ಪರವಾನಗಿ ಕೊಡುವವರು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದೇಕೆ?

ಗಂಟೆಗಳನ್ನು ಎಣಿಸುವುದನ್ನೇ ಬಿಡಬೇಕೆಂದು ನಾವು ಹೇಳುತ್ತಿಲ್ಲ. ಎಣಿಕೆ ಸುಲಭ, ಎಲ್ಲರಿಗೂ ಸಮಾನ, ಶಿಫಾರಸಿಗೆ ಬಗ್ಗುವುದಿಲ್ಲ. ಕೆಳಮಿತಿಯಾಗಿ ಅದು ಇರಲಿ. ಆದರೆ ಕೆಳಮಿತಿಯೇ ಅಳತೆಗೋಲು ಎಂದು ಭಾವಿಸಿದಾಗ ತೊಂದರೆ. ಶೇಕಡ 75 ಹಾಜರಿ ಇದ್ದವರನ್ನು ಪರೀಕ್ಷೆಗೆ ಕೂರಿಸುತ್ತೇವೆ, ಹಾಜರಿಯನ್ನೇ ನೋಡಿ ಉತ್ತೀರ್ಣರೆಂದು ಘೋಷಿಸುವುದಿಲ್ಲ. ಸೇನೆಯಿಂದ ಬಂದ ಪೈಲಟ್‌ಗೂ ನಾಗರಿಕ ಪೈಲಟ್‌ಗೂ ಕೇಳಬೇಕಾದ ಪ್ರಶ್ನೆ ಒಂದೇ: ಎಚ್ಚರಿಕೆಯ ದಂಡ ಅಲುಗಿದಾಗ ನಿಮ್ಮ ಕೈ ಯಾವ ಕಡೆಗೆ ಚಲಿಸುತ್ತದೆ, ಪಕ್ಕದವರು 'ಬೇಡ' ಎಂದಾಗ ನೀವೇನು ಮಾಡುತ್ತೀರಿ?

ಮುಂದಿನ ಸಲ ನಿಮ್ಮ ತರಗತಿಯಲ್ಲಿ ಅಳತೆಯ ಪಾಠ ಬಂದಾಗ ಆ ಇಬ್ಬರು ಅಭ್ಯರ್ಥಿಗಳನ್ನು ವಿದ್ಯಾರ್ಥಿಗಳ ಮುಂದೆ ನಿಲ್ಲಿಸಿ. ಯಾರನ್ನು ಆರಿಸುತ್ತೀರಿ ಎಂದು ಕೇಳುವ ಮೊದಲು, ಆರಿಸಲು ಇನ್ನೇನು ತಿಳಿಯಬೇಕು ಎಂದು ಕೇಳಿ.