ಜವಾಬಿಲ್ಲದ ಪದ

ಯುರೋಪಿನ ಸರ್ಬಿಯಾ ನಾಡಿನಾಗ ವುಕ್ ಬ್ರಾಂಕೊವಿಚ್ ಅಂದ್ರ ದ್ರೋಹಿ. 1389ರ ಕೊಸೊವೊ ಕಾಳಗದಾಗ ಲಾಜರ್ ದೊರೆ ಸತ್ತ, ತುರ್ಕರ ಸುಲ್ತಾನ ಮುರಾದನೂ ಸತ್ತ. ಲಾಜರನ ಅಳಿಯ ವುಕ್ ಮಾತ್ರ ಉಳಿದ. ಉಳಿದದ್ದೇ ತಪ್ಪಾತು. ಮಾವನ್ನ ಕೈಬಿಟ್ಟು ದಂಡು ಸಮೇತ ಓಡಿದ ಅಂತ ಗುಸ್ಲೆ ಅನ್ನೂ ಒಂಟಿ ತಂತಿ ವಾದ್ಯ ಬಾರಿಸ್ಕೋತ ಹಾಡುಗಾರರು ತಲೆಮಾರುಗಟ್ಟಲೆ ಹಾಡಿದರು.

ಹಾಡಿಕಿ ಮಾತ್ರ ಗಟ್ಟಿ. ಸಾಲಿಗೆ ಹತ್ತು ಉಚ್ಚಾರ, ನಾಕರ ಮ್ಯಾಲ ಒಂದು ತಡೆ. ಅಷ್ಟು ಗಿಡ್ಡ ಸಾಲಿನಾಗ 'ಆದರೆ' ಅನ್ನಾಕ ಜಾಗ ಸಿಗೂದಿಲ್ಲ. ನಮ್ಮ ಹರದೇಶಿ-ನಾಗೇಶಿಯೊಳಗ ಒಂದು ಮ್ಯಾಳ ಸವಾಲು ಹಾಕಿದರ ಇನ್ನೊಂದು ಜವಾಬು ಕೊಡತೈತಿ. ವುಕ್‌ನ ಕಡೆಯಿಂದ ಹಾಡಾಕ ಯಾರೂ ನಿಲ್ಲಲಿಲ್ಲ.

ನಡೆದದ್ದು ನೋಡಿದರ, ತುರ್ಕರಿಗೆ ಮೊದಲ ತಲಿಬಾಗಿದವರು ಲಾಜರನ ಮನೆಯವರೇ. ಮಗಳು ಒಲಿವೆರಾನ್ನೂ ಬಾಯೆಜಿದ್ ಸುಲ್ತಾನಗ ಕೊಟ್ಟರು. ವುಕ್ 1392ರ ತನಕ ತಡೆದ. 1396ರಾಗ ಸುಲ್ತಾನ ಆತನ ಸೀಮೆ ಕಸಗೊಂಡ, ಮರುವರ್ಷ ಆತ ಸೆರೆಯಾಗ ಸತ್ತ. ಸೀಮೆಯ ದೊಡ್ಡ ಪಾಲು ಲಾಜರನ ಮಗ ಸ್ಟೆಫಾನನ ಕೈಸೇರಿತು. ಹೊಲ ಯಾರಿಗೆ ಹೋತು, ಬೈಗಳ ಯಾರಿಗೆ ಹತ್ತಿತು ನೋಡ್ರಿ! 1601ರಾಗ ಮಾವ್ರೊ ಒರ್ಬಿನಿ ಅನ್ನೂ ಸನ್ಯಾಸಿ ಅದೇ ದೂರನ್ನ ಪುಸ್ತಕದಾಗ ಅಚ್ಚು ಹಾಕಿಸಿದ.

ವುಕ್ ಅಂದ್ರ ಅವರ ಮಾತಿನಾಗ ತೋಳ. ಮನೆತನದ ಲಾಂಛನ ಮಾತ್ರ ಸಿಂಹ. ಮಗ ಜುರಾಜ್ ಅದನ್ನ ನಾಣ್ಯದ ಮ್ಯಾಲ ಹೊಡಿಸಿದ. ಆ ಸಿಂಹ ಮಕ್ಕಳನ್ನ ಕಾಯಲಿಲ್ಲ. ಜುರಾಜನ ಮಗಳು ಮಾರಾ ಸುಲ್ತಾನನ ಹೆಂಡತಿ ಆಗಿದ್ದರೂ 1441ರಾಗ ಆಕೆಯ ಅಣ್ಣತಮ್ಮಂದಿರು ಗ್ರಗುರ್, ಸ್ಟೆಫಾನರ ಕಣ್ಣು ಕೀಳಿಸಿದರು. ಕುರುಡ ಸ್ಟೆಫಾನ್, ಹೆಂಡತಿ ಆಂಜೆಲಿನಾ, ಮಕ್ಕಳು ಮಾಕ್ಸಿಮ್ ಮತ್ತು ಯೊವಾನ್, ನಾಕೂ ಮಂದಿ ಮುಂದ ಸಂತರಾದರು. ದ್ರೋಹಿಯ ಮರಿಮಕ್ಕಳಿಗೆ ಗುಡಿಯೊಳಗ ದೀಪ ಹಚ್ಚೋ ಮಂದಿನೇ ಹೊರಗ ಬಂದು ದ್ರೋಹಿಯ ಪದ ಕೇಳತಾರ.

ಇದೇ ಮನೆತನದ ಮ್ಯಾಲ ಇನ್ನೊಂದು ಹಾಡಿಕಿ ಐತಿ. ಜುರಾಜ್ 1428ರಾಗ ಡ್ಯಾನ್ಯೂಬ್ ನದಿ ದಂಡಿಗೆ ಸ್ಮೆದೆರೆವೊ ಕೋಟೆ ಕಟ್ಟಾಕ ಹಚ್ಚಿದ. ಕಲ್ಲು ಹೊತ್ತವರು ರೈತರು. ಅವರು ಆತನ ಹೆಂಡತಿ ಇರಿನಾಗ 'ಶಾಪದ ಯೆರಿನಾ' ಅಂದರು. ಆಕಿ ಗ್ರೀಕ್ ಹೆಣ್ಣು. ಪರದೇಶಿ ಸೊಸಿ ಮ್ಯಾಲ ತಪ್ಪು ಹೊರಸೂದು ಸಸಾರ. ಅದು ನನಗ ಒಪ್ಪಿಗಿಲ್ಲ. ಆದರ ಬೆನ್ನು ಮುರಿದದ್ದು ಖರೆ. 1459ರಾಗ ಆ ಕೋಟೆ ತುರ್ಕರ ವಶ ಆತು. ವುಕ್‌ನ ಪದ ನಾ ಹಾಡಾಂವಲ್ಲ. ಹೆಸರು ಬದಲಿಸಿ ಕೊಟ್ಟರ, ಯೆರಿನಾನ ಪದ ಹಾಡತೀನಿ.