ಶ್ರೀರಂಗಪಟ್ಟಣದ ಸ್ವಾತಂತ್ರ್ಯವೃಕ್ಷ: ಒಂದು ವಿಮರ್ಶೆ

ಶ್ರೀರಂಗಪಟ್ಟಣದಲ್ಲಿ 1797ರಲ್ಲಿ ಫ್ರೆಂಚರ ಜಾಕೋಬಿನ್ ಸಂಘವೊಂದು ಸ್ಥಾಪಿತವಾಯಿತೆಂದೂ, ಟಿಪ್ಪು ಸುಲ್ತಾನನು ಅದಕ್ಕೆ ಸೇರಿ ಸ್ವಾತಂತ್ರ್ಯವೃಕ್ಷವನ್ನು ನೆಟ್ಟನೆಂದೂ ನಮ್ಮ ಪಠ್ಯಪುಸ್ತಕಗಳು ಹೇಳುತ್ತ ಬಂದಿವೆ. ಪ್ರಜಾಪ್ರಭುತ್ವದ ಮೊದಲ ಬೀಜವು ನಮ್ಮ ನಾಡಿನಲ್ಲಿ ಬಿದ್ದುದು ಆಗಲೇ ಎಂದು ಕೆಲವರು ಹೆಮ್ಮೆಪಡುತ್ತಾರೆ. ರಾಜನೊಬ್ಬನು ರಾಜದ್ವೇಷಿಗಳ ಸಂಘಕ್ಕೆ ಸೇರಿದನೆಂದು ಕೆಲವರು ನಗುತ್ತಾರೆ. ತರಗತಿಯಲ್ಲಿ ನಾವೂ ಇದನ್ನು ಪರೀಕ್ಷಿಸದೆಯೇ ಹೇಳಿದ್ದುಂಟು. ಪರರಾಷ್ಟ್ರವೊಂದು ಇನ್ನೊಂದು ನಾಡಿಗೆ ಸ್ವಾತಂತ್ರ್ಯವನ್ನು ತಂದುಕೊಡಬಲ್ಲುದೇ ಎಂಬ ಪ್ರಶ್ನೆಗೆ ಈ ಪ್ರಸಂಗವು ಬಹು ಹತ್ತಿರದ ನಿದರ್ಶನವಾಗಿರುವುದರಿಂದ, ಅದನ್ನು ಇಲ್ಲಿ ಪುನಃ ಪರಿಶೀಲಿಸಬಯಸುತ್ತೇವೆ.

ಮೊದಲು ಆಧಾರಗಳ ಮಾತು. 1799ರ ಮೇ 4ರಂದು ಶ್ರೀರಂಗಪಟ್ಟಣವು ಪತನವಾದಮೇಲೆ ಅರಮನೆಯಲ್ಲಿ ದೊರೆತವೆಂದು ಹೇಳಲಾದ ಫ್ರೆಂಚ್ ಕಾಗದಪತ್ರಗಳನ್ನು ಈಸ್ಟ್ ಇಂಡಿಯಾ ಕಂಪನಿಯವರು ಅದೇ ವರ್ಷ ಕಲ್ಕತ್ತೆಯಲ್ಲಿ ಅಚ್ಚುಹಾಕಿಸಿದರು. ಸಂಘದ ನಡವಳಿಗಳು ನಮಗೆ ತಿಳಿದಿರುವುದು ಈ ಪ್ರಕಟಣೆಯ ಮೂಲಕ. ಅದರ ಪ್ರಕಾರ, 1797ರ ಆರಂಭದಲ್ಲಿ ಹಡಗು ಕೆಟ್ಟು ಮಂಗಳೂರಿಗೆ ಬಂದ ರಿಪೋ ಎಂಬ ಫ್ರೆಂಚ್ ನಾವಿಕನು, ತಾನು ಮಾರಿಷಸ್ಸಿನ ಸರ್ಕಾರದ ಪ್ರತಿನಿಧಿಯೆಂದೂ, ಅಲ್ಲಿ ಹತ್ತು ಸಾವಿರ ಮಂದಿ ಸೈನಿಕರು ಸಿದ್ಧರಿದ್ದಾರೆಂದೂ ಹೇಳಿಕೊಂಡನು. ಅವನ ಮಾತನ್ನು ಆಸ್ಥಾನದ ಹಿರಿಯರು ಸಂದೇಹಿಸಿದರೂ ಸುಲ್ತಾನನು ಅವನನ್ನು ಉಳಿಸಿಕೊಂಡನು. ಮೇ ತಿಂಗಳಿನಲ್ಲಿ 59 ಮಂದಿ ಫ್ರೆಂಚರು ಸಭೆ ಸೇರಿ, ಗಣರಾಜ್ಯದ ಬಾವುಟವನ್ನು ಏರಿಸಿ, ಸ್ವಾತಂತ್ರ್ಯವೃಕ್ಷವನ್ನು ನೆಟ್ಟರು. ಸುಲ್ತಾನನ ಅಪ್ಪಣೆಯಂತೆ ಎರಡು ಸಾವಿರಕ್ಕೂ ಮೇಲ್ಪಟ್ಟು ತೋಪುಗಳು ಹಾರಿದವು.

ಈ ನಡವಳಿಗಳಲ್ಲಿ ಎಲ್ಲಕ್ಕಿಂತ ಗಮನಾರ್ಹವಾದುದು ಸದಸ್ಯರು ತೊಟ್ಟ ಪ್ರತಿಜ್ಞೆ. ಅರಸರೆಲ್ಲರನ್ನೂ ದ್ವೇಷಿಸುವುದಾಗಿ ಅವರು ಆಣೆಯಿಟ್ಟರು. ಆದರೆ ಫ್ರೆಂಚ್ ಗಣರಾಜ್ಯದ ಮಿತ್ರನಾದ ಟಿಪ್ಪು ಸುಲ್ತಾನನೊಬ್ಬನನ್ನು ಅದರಿಂದ ಹೊರತುಮಾಡಿದರು. ಇದನ್ನು ಕೇವಲ ವಿನೋದವೆಂದು ಬಿಡುವುದು ತಕ್ಕುದಲ್ಲ. ಮಿತ್ರನಾದ ಅರಸನಿಗೆ ಅನ್ವಯಿಸದ ಸ್ವಾತಂತ್ರ್ಯತತ್ತ್ವವು ತತ್ತ್ವವಲ್ಲ, ರಾಜನೀತಿ. ಸುಲ್ತಾನನಿಗೆ ಬೇಕಾದದ್ದು ಇಂಗ್ಲಿಷರ ವಿರುದ್ಧ ಸೈನ್ಯ. ಫ್ರೆಂಚರಿಗೆ ಬೇಕಾದದ್ದು ಇಂಗ್ಲಿಷರ ವಿರುದ್ಧ ಒಂದು ನೆಲೆ. ಈ ಕೊಡುಕೊಳ್ಳುವಿಕೆಗೆ ವೃಕ್ಷವು ಅಲಂಕಾರವಾಯಿತು. ಸದಸ್ಯರ ಪಟ್ಟಿಯಲ್ಲಿರುವವರು ಫ್ರೆಂಚರು. ಈ ಸೀಮೆಯ ಒಬ್ಬ ರೈತನಾಗಲಿ, ಒಬ್ಬ ವರ್ತಕನಾಗಲಿ ಅದರಲ್ಲಿಲ್ಲ.

ಇನ್ನು ಸ್ವಾತಂತ್ರ್ಯವು ಬರಬೇಕಾಗಿದ್ದ ಮಾರಿಷಸ್ಸಿನ ಸ್ಥಿತಿಯನ್ನು ನೋಡೋಣ. ಪ್ಯಾರಿಸಿನ ಸಭೆಯು 1794ರಲ್ಲಿ ಗುಲಾಮಗಿರಿಯನ್ನು ರದ್ದುಮಾಡಿತು. ಅದನ್ನು ಜಾರಿಗೊಳಿಸಲು 1796ರಲ್ಲಿ ಬಂದ ಕಮಿಷನರುಗಳನ್ನು ದ್ವೀಪದ ಫ್ರೆಂಚ್ ಭೂಮಾಲೀಕರು ಹಿಂದಕ್ಕೆ ಅಟ್ಟಿದರು. ಅಲ್ಲಿನ ಗವರ್ನರ್ ಮಲಾರ್ಟಿಕನೇ 1798ರ ಜನವರಿ 30ರಂದು ಸುಲ್ತಾನನಿಗೆ ನೆರವಾಗಲು ಸ್ವಯಂಸೇವಕರು ಬೇಕೆಂದು ಘೋಷಣೆ ಹೊರಡಿಸಿದನು. ತನ್ನ ತೋಟದ ಆಳಿಗೆ ನಿರಾಕರಿಸಿದ ಸ್ವಾತಂತ್ರ್ಯವನ್ನು ಕಾವೇರೀತೀರಕ್ಕೆ ಕಳುಹಿಸಲು ಹೊರಟ ದ್ವೀಪವದು! ಕಡೆಗೆ ಮಂಗಳೂರಿಗೆ ಬಂದಿಳಿದವರು ನೂರರ ಆಸುಪಾಸಿನ ಮಂದಿ. ಆ ಘೋಷಣೆಯಿಂದ ಸುಲ್ತಾನನಿಗೆ ಸೈನ್ಯ ದೊರೆಯಲಿಲ್ಲ. ವೆಲ್ಲೆಸ್ಲಿಗೆ ಯುದ್ಧದ ಕಾರಣ ದೊರೆಯಿತು.

ಈ ಕಾಗದಪತ್ರಗಳೇ ನಂಬತಕ್ಕವಲ್ಲ, ಯುದ್ಧವನ್ನು ಸಮರ್ಥಿಸಿಕೊಳ್ಳಲು ಕಂಪನಿಯ ಅಧಿಕಾರಿಗಳು ಸಂಘವನ್ನು ಸೃಷ್ಟಿಸಿದರು ಎಂಬ ವಾದವನ್ನು ಫ್ರೆಂಚ್ ಇತಿಹಾಸಕಾರ ಜಾನ್ ಬೂಟಿಯೆ 2005ರಲ್ಲಿ ಮಂಡಿಸಿದ್ದಾರೆ. ಶತ್ರುವಿನ ಮನೆಯಲ್ಲಿ ಸಿಕ್ಕಿದ ಕಾಗದವನ್ನು ಗೆದ್ದವನೇ ಅಚ್ಚುಹಾಕಿಸಿದಾಗ ಸಂದೇಹವು ಸಹಜವೇ. ಆದರೆ ನಮ್ಮ ಪ್ರಶ್ನೆಗೆ ಉತ್ತರವು ಇದರಿಂದ ಬದಲಾಗುವುದಿಲ್ಲ. ಕಾಗದಗಳು ನಿಜವಾದರೆ, ಒಂದು ಪರಶಕ್ತಿಯು ಸ್ವಾತಂತ್ರ್ಯದ ಹೆಸರನ್ನು ತನ್ನ ಅನುಕೂಲಕ್ಕಾಗಿ ಬಳಸಿತು. ಸುಳ್ಳಾದರೆ, ಇನ್ನೊಂದು ಪರಶಕ್ತಿಯು ಅದೇ ಹೆಸರಿನ ಭಯವನ್ನು ತನ್ನ ಅನುಕೂಲಕ್ಕಾಗಿ ಬಳಸಿತು. ಎರಡರಲ್ಲಿಯೂ ನಾಡಿನ ಪ್ರಜೆಯ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ.

ಗೆದ್ದವರೂ ತಾವು ವಿಮೋಚಕರೆಂದೇ ಹೇಳಿಕೊಂಡರು. ದಬ್ಬಾಳಿಕೆ ನೀಗಿತು, ಹಳೆಯ ರಾಜವಂಶ ಮರಳಿತು ಎಂದರು. 1799ರ ಒಪ್ಪಂದದಂತೆ ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರು ಸಿಂಹಾಸನವೇರಿದರು. ರಾಜ್ಯವು ವರ್ಷಕ್ಕೆ 7 ಲಕ್ಷ ವರಹಗಳನ್ನು ಕಂಪನಿಗೆ ತೆರಬೇಕಾಯಿತು. ದುರಾಡಳಿತವೆಂದು ಕಂಡರೆ ಆಡಳಿತವನ್ನು ವಹಿಸಿಕೊಳ್ಳುವ ಹಕ್ಕನ್ನು ಕಂಪನಿಯು ಇಟ್ಟುಕೊಂಡು, 1831ರಲ್ಲಿ ಅದನ್ನು ಚಲಾಯಿಸಿತು. ವೃಕ್ಷವನ್ನು ನೆಟ್ಟರೆಂಬ ಆ ದ್ವೀಪನಗರವಾದರೋ 1881ರವರೆಗೆ ಇಂಗ್ಲಿಷರ ಸ್ವತ್ತಾಗಿಯೇ ಉಳಿಯಿತು.

ಸುತ್ತಣ ನಾಡಿಗೆ ಈ ವಿಮೋಚಕರು ಬಿಟ್ಟುಹೋದದ್ದೇನು? ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದ ಹಿರೋಡೆಗೆ, ಎಂದರೆ ಇಂದಿನ ಪಾಂಡವಪುರಕ್ಕೆ, ಫ್ರೆಂಚ್ ರಾಕ್ಸ್ ಎಂಬ ಹೆಸರು ಬಹುಕಾಲ ನಿಂತಿತು. ನಾಗಮಂಗಲವನ್ನು 1791-92ರ ಯುದ್ಧಕಾಲದಲ್ಲಿ ಇಂಗ್ಲಿಷರ ಮಿತ್ರರಾದ ಮರಾಠರ ಸೈನ್ಯವು ಹಾಳುಗೆಡವಿತು. ಅಂದು ಅತ್ತಿಕುಪ್ಪೆಯೆನಿಸಿದ್ದ ಕೃಷ್ಣರಾಜಪೇಟೆಯ ರೈತನಿಗೆ ಕಂದಾಯ ತೆರುವ ಠಾಣೆಯ ಮೇಲಿನ ಬಾವುಟ ಬದಲಾಯಿತೇ ಹೊರತು, ಕಂದಾಯವನ್ನು ಕುರಿತು ಮಾತನಾಡುವ ಹಕ್ಕು ಬರಲಿಲ್ಲ.

ಆ ಹಕ್ಕು ಬಂದ ದಾರಿಯೇ ಬೇರೆ. 1881ರ ಅಕ್ಟೋಬರ್ 7ರಂದು ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಯು 144 ಮಂದಿ ಸದಸ್ಯರೊಂದಿಗೆ ಮೊದಲ ಸಲ ಸೇರಿತು. ಅವರು ಚುನಾಯಿತರಲ್ಲ, ಸಭೆಗೆ ಅಧಿಕಾರವೂ ಇರಲಿಲ್ಲ, ಅಹವಾಲು ಹೇಳಿಕೊಳ್ಳುವುದಷ್ಟೇ ಅದರ ಕೆಲಸ. ಆದರೂ ತಾಲ್ಲೂಕುಗಳ ರೈತರೂ ವರ್ತಕರೂ ಅಲ್ಲಿ ಕುಳಿತರು. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಪ್ರತಿಬಂಧಕಾಜ್ಞೆಯನ್ನು ಮೀರಿ ಜನರು ಧ್ವಜವನ್ನು ಏರಿಸಿದರು. 1947ರ ಮೈಸೂರು ಚಲೋ ಚಳವಳಿಯ ತರುವಾಯ, ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಜವಾಬ್ದಾರಿ ಸರ್ಕಾರವು ಬಂದಿತು. ಶಿವಪುರದ ಧ್ವಜಕ್ಕೆ ತೋಪುಗಳ ಗೌರವವಿರಲಿಲ್ಲ. ಏರಿಸಿದವರು ಮಾತ್ರ ಆ ಮಣ್ಣಿನವರು.

ಹಾಗಾದರೆ ಹೊರಗಿನಿಂದ ಬಂದುದೆಲ್ಲ ನಿಷ್ಫಲವೇ? ಹಾಗೆನ್ನಲಾಗದು. ಪ್ರಾತಿನಿಧ್ಯ, ಮತದಾನ ಮೊದಲಾದ ವಿಚಾರಗಳನ್ನು ನಾವು ಪರರಿಂದಲೂ ಕಲಿತೆವು. ವಿಚಾರವು ಗಡಿ ದಾಟಿ ಬರಬಹುದು. ಅದನ್ನು ತನ್ನದಾಗಿಸಿಕೊಳ್ಳುವ ಜನರಿದ್ದರೆ ಬೇರೂರುತ್ತದೆ. 1945ರ ತರುವಾಯದ ಜಪಾನನ್ನು ಕೆಲವರು ಎದುರುತ್ತರವಾಗಿ ತೋರಿಸುವುದುಂಟು. ಆದರೆ ಅಲ್ಲಿ 1890ರಿಂದಲೇ ಸಂಸತ್ತೊಂದು ನಡೆದಿತ್ತೆಂಬುದನ್ನು ಮರೆಯಬಾರದು. 2003ರಲ್ಲಿ ಅಮೆರಿಕದ ಸೈನ್ಯವು ಇರಾಕನ್ನು ಹೊಕ್ಕಾಗಲೂ ಪ್ರಜಾಪ್ರಭುತ್ವದ ಮಾತು ಕೇಳಿಬಂದಿತು. ಬಳಿಕ ಆ ನಾಡು ಕಂಡ ರಕ್ತಪಾತವು ಎಲ್ಲರಿಗೂ ವಿದಿತವೇ ಇದೆ. ಆಯುಧ ಹಿಡಿದು ಬರುವ ಧರ್ಮಬೋಧಕನನ್ನು ಯಾರೂ ಮೆಚ್ಚರೆಂದು 1792ರಲ್ಲಿ ಪ್ಯಾರಿಸಿನ ಜಾಕೋಬಿನ್ ಸಂಘದಲ್ಲಿಯೇ ರೋಬೆಸ್ಪಿಯರನು ಎಚ್ಚರಿಸಿದ್ದನು. ಆ ಎಚ್ಚರಿಕೆಯನ್ನು ಅವನ ದೇಶದವರೇ ಕೇಳಲಿಲ್ಲ.

ಆದುದರಿಂದ ಅಧ್ಯಾಪಕರಲ್ಲಿ ನಮ್ಮದೊಂದು ಸೂಚನೆಯಿದೆ. ಸ್ವಾತಂತ್ರ್ಯವೃಕ್ಷದ ಪ್ರಸಂಗವನ್ನು ಬಿಟ್ಟುಬಿಡುವುದು ಬೇಡ. ಅದರ ಜೊತೆಗೆ ಆ ಪ್ರತಿಜ್ಞೆಯ ವಿನಾಯಿತಿಯನ್ನೂ, ಆ 59 ಹೆಸರುಗಳ ಪಟ್ಟಿಯನ್ನೂ ವಿದ್ಯಾರ್ಥಿಗಳ ಮುಂದಿಡೋಣ. ಸ್ವಾತಂತ್ರ್ಯವನ್ನು ತಂದೆವೆಂದು ಯಾರೇ ಹೇಳಿದರೂ, ಯಾರನ್ನು ಹೊರತುಮಾಡಿದ್ದೀರಿ, ಸಭೆಯಲ್ಲಿ ಕುಳಿತಿರುವವರು ಯಾರು ಎಂಬ ಎರಡು ಪ್ರಶ್ನೆಗಳನ್ನು ಕೇಳಲು ಅವರು ಕಲಿತರೆ, ಈ ಪಾಠವು ಸಾರ್ಥಕವಾದಂತೆ.